ಬದನೆ ಹೂವಲ್ಲಿ ಎಂಜಿನ್ ಓಡಿಸುವ ದುಂಬಿ

ಮಾಗಿ ಚಳಿಯಲ್ಲಿ ಚಂದಕವಾಡಿಯ ನಮ್ಮ ಸೋದರತ್ತೆಯ ಹಿತ್ತಲಿಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಅವರೆಯ ಸೊಗಡು. ರಾತ್ರಿಯ ಇಬ್ಬನಿ ಇನ್ನೂ ಆರಿರುವುದಿಲ್ಲ, ಕಾಯಿ ಕಿತ್ತರೆ ಬೆರಳಿಗೆಲ್ಲ ಎಣ್ಣೆಯಂಥ ಜಿಡ್ಡು. ಬಿದಿರಿನ ಚಪ್ಪರದ ತುಂಬ ಅವರೆ ಬಳ್ಳಿ, ಅದರ ಪಕ್ಕ ಬಿಸಿಲು ಬೀಳುವ ಕಡೆ ನಾಲ್ಕು ಬದನೆ ಗಿಡ, ಬೇಲಿ ಮಗ್ಗುಲಿಗೆ ಟೊಮೆಟೊ. ಮಧ್ಯಾಹ್ನದ ಮುದ್ದೆಗೆ ಬೇಕಾದ ಅವರೆಕಾಳು ಬದನೆಕಾಯಿ ಸಾರಿನ ಸಾಮಾನೆಲ್ಲ ಹತ್ತು ಹೆಜ್ಜೆಯೊಳಗೇ ಸಿಗುತ್ತದೆ. ಈ ಸಾರಿಗಾಗಿ ನಮ್ಮ ಜೊತೆ ದುಡಿಯುವ ಇನ್ನೊಂದು ಜೀವವೂ ಅದೇ ಚಪ್ಪರದಲ್ಲಿ ವಾಸವಾಗಿದೆ. ಹೆಬ್ಬೆರಳ ತುದಿಯಷ್ಟು ದಪ್ಪದ ಕರಿದುಂಬಿ.

ವಿಜ್ಞಾನದಲ್ಲಿ ಇದರ ಕುಲದ ಹೆಸರು ಕ್ಸೈಲೋಕೋಪಾ, ಗ್ರೀಕ್ ಭಾಷೆಯಲ್ಲಿ ಮರ ಕಡಿಯುವುದು ಎಂದರ್ಥ. ಒಣಮರವನ್ನೇ ಕೊರೆಯಬಲ್ಲ ದುಂಬಿ ತಾವರೆಯ ಮೆತ್ತನೆ ಎಸಳೊಳಗೆ ಸೆರೆಯಾಗುತ್ತದೆ ಎಂಬ ಹಳೆಯ ಸುಭಾಷಿತವೊಂದಿದೆ. ಅದನ್ನು ಕಟ್ಟಿದವರು ಕವಿಸಮಯಕ್ಕಿಂತ ಮೊದಲು ಯಾವುದೋ ತೊಲೆಯ ಕೆಳಗೆ ನಿಂತು ಈ ಹುಳವನ್ನು ಚೆನ್ನಾಗಿ ನೋಡಿದ್ದರು ಎಂದೇ ನನಗನಿಸುತ್ತದೆ. ಹೆಜ್ಜೇನು, ತುಡುವೆಗಳಂತೆ ಇದಕ್ಕೆ ಸಾವಿರಾರು ಕೆಲಸಗಾರರ ದಂಡಿಲ್ಲ, ನಾವು ಕೀಳುವಂಥ ಜೇನುತಟ್ಟಿಯೂ ಇಲ್ಲ. ಸಾಮಾನ್ಯವಾಗಿ ಒಬ್ಬಳೇ ತಾಯಿ, ಚಪ್ಪರದ ಬೊಂಬಿನಲ್ಲಿ ಗೂಡಿಗೆಂದು ಕೊರೆದ ಒಂದೇ ತೂತು. ಜೇನು ಕೊಡದ್ದರಿಂದಲೇ ಇರಬೇಕು, ಇದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಜನವರಿಯ ಬೆಳಿಗ್ಗೆ ಏಳೂವರೆಗೆ ಆ ತೂತಿನ ಬಾಯನ್ನು ನೋಡುತ್ತ ಕೂತುಕೊಳ್ಳಿ. ದುಂಬಿ ಹೊರಬಂದು ಎಳೆಬಿಸಿಲಿಗೆ ಮೈಯೊಡ್ಡುತ್ತದೆ. ರೆಕ್ಕೆ ಅಲುಗುವುದಿಲ್ಲ, ಹೊಟ್ಟೆ ಮಾತ್ರ ಏದುಸಿರು ಬಿಟ್ಟಂತೆ ಹಿಗ್ಗಿ ಕುಗ್ಗುತ್ತಿರುತ್ತದೆ. ಸೋಮಾರಿತನದಂತೆ ಕಾಣುವ ಆ ಹೊತ್ತಿನಲ್ಲಿ ಅದರ ಎದೆಭಾಗದೊಳಗೆ ಎಂಜಿನ್ ಆಗಲೇ ಚಾಲೂ ಆಗಿದೆ.

ದುಂಬಿಯ ಹಾರಾಟದ ಸ್ನಾಯುಗಳು ಎರಡು ಜೊತೆ. ಅವು ರೆಕ್ಕೆಯನ್ನು ನೇರವಾಗಿ ಎಳೆಯುವುದಿಲ್ಲ, ಎದೆಯ ಗಟ್ಟಿ ಪೆಟ್ಟಿಗೆಯನ್ನೇ ಅದುಮಿ ಬಿಡುತ್ತವೆ. ಒಂದು ಜೊತೆ ಕುಗ್ಗಿದಾಗ ಇನ್ನೊಂದು ಹಿಗ್ಗುತ್ತದೆ. ಹಿಗ್ಗಿದ್ದೇ ತಡ, ಅದು ತಾನಾಗಿ ಮರಳಿ ಕುಗ್ಗುತ್ತದೆ. ಹೀಗಾಗಿ ನರದಿಂದ ಒಂದು ಸಲ ಅಪ್ಪಣೆ ಬಂದರೆ ಹಲವು ಬಡಿತ ಸಿಗುತ್ತದೆ. ಆದರೆ ಈ ಸ್ನಾಯು ತಣ್ಣಗಿದ್ದರೆ ಹಾರುವಷ್ಟು ಬಲ ಹುಟ್ಟದು, ಎದೆ ಸುಮಾರು 30 ಡಿಗ್ರಿಗೆ ಕಾಯಬೇಕು. ನಮ್ಮಲ್ಲಿ ಮಾಗಿಯ ಬೆಳಗಿನ ಚಳಿ 15–16 ಡಿಗ್ರಿಯ ಆಸುಪಾಸು. ಆಗ ಎರಡೂ ಜೊತೆ ಒಟ್ಟಿಗೆ ಬಿಗಿದು ನಡುಗುತ್ತವೆ. ರೆಕ್ಕೆ ಆಡುವುದಿಲ್ಲ, ಶಾಖ ಮಾತ್ರ ಹುಟ್ಟುತ್ತದೆ. ಕ್ಲಚ್ ತುಳಿದು ಟ್ರ್ಯಾಕ್ಟರ್ ಎಂಜಿನ್ ಓಡಿಸಿದ ಹಾಗೆ. ಮೈ ದೊಡ್ಡದಾದ್ದರಿಂದ, ಮೇಲೆ ತುಪ್ಪಟವೂ ಇರುವುದರಿಂದ ಹುಟ್ಟಿದ ಶಾಖ ಬೇಗ ಸೋರಿಹೋಗುವುದಿಲ್ಲ.

ಬೆಚ್ಚಗಾದ ದುಂಬಿ ನೇರ ಬದನೆ ಗಿಡಕ್ಕೆ ಬಂತೆನ್ನಿ. ಬದನೆ ಹೂವು ಜಿಪುಣ ಹೂವು. ಅದರಲ್ಲಿ ಮಕರಂದವಿಲ್ಲ. ಇರುವ ಪರಾಗವನ್ನೂ ನಡುವಿನ ಹಳದಿ ಕೇಸರಗಳೊಳಗೆ ಮುಚ್ಚಿಟ್ಟು, ತುದಿಯಲ್ಲಿ ಸೂಜಿಮೊನೆಯಷ್ಟು ತೂತು ಬಿಟ್ಟಿರುತ್ತದೆ. ತುಡುವೆ ಬಂದು ಎಷ್ಟು ಕೆದಕಿದರೂ ಸಿಗುವುದು ಅಷ್ಟಕ್ಕಷ್ಟೆ. ದುಂಬಿಯಾದರೋ ಕೇಸರವನ್ನು ತಬ್ಬಿ, ಮೈ ಬಾಗಿಸಿ, ರೆಕ್ಕೆ ಮಡಚಿಕೊಂಡು ಅದೇ ಎಂಜಿನ್ನನ್ನು ಮತ್ತೆ ಓಡಿಸುತ್ತದೆ. ಸೆಕೆಂಡಿಗೆ 200ಕ್ಕೂ ಹೆಚ್ಚು ಸಲದ ಆ ಅದುರಾಟ ಕೇಸರಕ್ಕೆ ದಾಟಿ, ಪರಾಗ ಹಿಟ್ಟಿನ ಜರಡಿ ಅಲ್ಲಾಡಿಸಿದಂತೆ ಅದರ ಹೊಟ್ಟೆಯ ಮೇಲೆ ಉದುರುತ್ತದೆ. ಹತ್ತಿರ ನಿಂತರೆ ನಿಮ್ಮ ಕಿವಿಗೇ ಗೊತ್ತಾಗುತ್ತದೆ: ಹಾರುವಾಗಿನ ಗುಂಯ್ ಒಂದು ಸ್ವರ, ಹೂವು ಹಿಡಿದಾಗ ಅದಕ್ಕಿಂತ ಏರುದನಿಯ ಇನ್ನೊಂದು ಸ್ವರ. ಈ ಏರುದನಿ ಕೇಳಿದ ಬೆಳಿಗ್ಗೆ ನನಗೆ ಕಾಫಿಯೂ ಮರೆತುಹೋಗುತ್ತದೆ.

ಟೊಮೆಟೊ ಹೂವಿಗೂ ಇದೇ ಉಪಚಾರ ಬೇಕು. ಗಾಳಿಗೆ ಅಲ್ಲಾಡಿದರೂ ಅದು ಒಂದಷ್ಟು ಕಾಯಿ ಕಟ್ಟುತ್ತದೆ, ಅದುರಿಸಿದರೆ ಇನ್ನೂ ಚೆನ್ನಾಗಿ ಕಟ್ಟುತ್ತದೆ. ಯುರೋಪಿನ ಗಾಜಿನ ಮನೆಗಳಲ್ಲಿ ಮೊದಲು ಆಳುಗಳು ಕೈಯಲ್ಲಿ ಅದುರುಕಡ್ಡಿ ಹಿಡಿದು ಹೂವು ಹೂವಿಗೂ ತಾಗಿಸುತ್ತಿದ್ದರು. 1980ರ ದಶಕದ ಕೊನೆಯಿಂದ ಅಲ್ಲಿ ಬಂಬಲ್‌ಬೀ ಎಂಬ ದುಂಬಿಗಳನ್ನು ಪೆಟ್ಟಿಗೆಯಲ್ಲಿ ಸಾಕಿ, ಮಾರಿ, ಈ ಕೆಲಸಕ್ಕೆ ಬಿಡುತ್ತಿದ್ದಾರೆ. ಅಲ್ಲಿ ದುಡ್ಡು ಕೊಟ್ಟು ತರುವ ಸೇವೆ ನಮ್ಮ ಹಿತ್ತಲಿಗೆ ಪುಕ್ಕಟೆ ಬರುತ್ತಿದೆ.

ಅವರೆಯ ಹೂವಿನದು ಬೇರೆಯೇ ಯಂತ್ರ. ನಾಟಿ ಅವರೆ ಹಗಲು ಚಿಕ್ಕದಾಗುವವರೆಗೆ ಹೂ ಬಿಡುವುದಿಲ್ಲ, ಆದ್ದರಿಂದಲೇ ಅದು ಮಾಗಿಯ ಬೆಳೆ. (ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಿಗೆ ಈ ಕಟ್ಟುಪಾಡಿಲ್ಲ, ಅವು ವರ್ಷವಿಡೀ ಕಾಯಿ ಬಿಡಬಲ್ಲವು.) ಹೂವಿನ ಎರಡು ಪಕ್ಕದ ದಳಗಳು ಮೆಟ್ಟಿಲು, ಅವುಗಳ ನಡುವೆ ದೋಣಿಯಂತೆ ಕೂಡಿದ ದಳಗಳೊಳಗೆ ಕೇಸರ ಮತ್ತು ಶಲಾಕೆ ಅಡಗಿರುತ್ತವೆ. ಭಾರದ ದುಂಬಿ ಬಂದು ಕೂತರೆ ದೋಣಿ ಕೆಳಗೆ ಜಗ್ಗಿ, ಒಳಗಿನದು ಹೊರಬಂದು ದುಂಬಿಯ ಮೈಗೆ ಒರೆಸಿಕೊಳ್ಳುತ್ತದೆ. ಅದು ಹಾರಿಹೋದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಅವರೆ ಬಹುಪಾಲು ತನ್ನದೇ ಪರಾಗದಿಂದ ಕಾಯಿ ಕಟ್ಟುವ ಗಿಡ ಎಂಬುದೂ ನಿಜ. ಆದರೂ ಬಿಳಿ ಹೂವಿನ ಬೀಜ ಬಿತ್ತಿದ ಚಪ್ಪರದಲ್ಲಿ ಒಂದು ಬಳ್ಳಿ ನೇರಳೆ ಹೂ ಬಿಟ್ಟರೆ, ಹಿಂದಿನ ವರ್ಷ ಪಕ್ಕದ ಮನೆಯ ಹಿತ್ತಲಿಂದ ಯಾರೋ ಪರಾಗ ಹೊತ್ತು ತಂದಿರಬಹುದು.

ಕಳೆದ ಸಲ ಚಪ್ಪರ ಬಿಚ್ಚಿ ಹೊಸ ಬೊಂಬು ಹಾಕುವಾಗ ಹಳೆಯದನ್ನು ಹಂಡೆ ಒಲೆಗೆಂದು ಸೀಳಿದೆ. ಒಳಗೆ ಸಾಲು ಕೋಣೆಗಳು! ಒಂದೊಂದಕ್ಕೂ ನಡುವೆ ಅಗಿದ ಮರದ ಹುಡಿಯ ಗೋಡೆ. ದುಂಬಿ ಮರ ತಿನ್ನುವುದಿಲ್ಲ, ಕೊರೆದ ಹುಡಿಯನ್ನೇ ಗಾರೆ ಮಾಡಿಕೊಳ್ಳುತ್ತದೆ. ಪ್ರತಿ ಕೋಣೆಯಲ್ಲೂ ಪರಾಗ ಮಕರಂದ ಕಲಸಿದ ಹಳದಿ ಮುದ್ದೆ, ಹುಳಿವಾಸನೆಯದು. ಎರಡರ ಮೇಲೆ ಬಿಳಿ ಮರಿಹುಳ ಬಾಗಿ ಮಲಗಿತ್ತು. ಬಾಯಿಗೆ ಹತ್ತಿರದ ಕೋಣೆಯಲ್ಲಿ ಅನ್ನದ ಅಗುಳಿಗಿಂತ ಉದ್ದದ ಮೊಟ್ಟೆ. ಕೀಟಗಳ ಲೋಕದಲ್ಲೇ ಅತಿ ದೊಡ್ಡ ಮೊಟ್ಟೆಗಳು ಈ ದುಂಬಿಗಳವು. ಅಷ್ಟು ದೊಡ್ಡದಿಟ್ಟರೆ ಹೆಚ್ಚು ಇಡಲಾಗದು. ಜೇನುರಾಣಿ ದಿನಕ್ಕೆ ಸಾವಿರಕ್ಕೂ ಮೀರಿ ಮೊಟ್ಟೆ ಇಡಬಲ್ಲಳು, ಇಲ್ಲಿ ಒಂದು ಗೂಡಿಗೆ ಬೆರಳೆಣಿಕೆಯಷ್ಟು ಮಾತ್ರ. ಒಂದು ಬೊಂಬು ಒಲೆಗೆ ಹೋದರೆ ಒಂದು ತಾಯಿಯ ಇಡೀ ಸಂಸಾರವೇ ಹೋದಂತೆ.

ಅಷ್ಟರಲ್ಲಿ ತಾಯಿದುಂಬಿ ಬಂದು ಖಾಲಿ ಜಾಗದಲ್ಲೇ ಸುತ್ತತೊಡಗಿತು. ಹೆಣ್ಣಿಗೆ ಕೊಂಡಿ ಇದೆ, ಕೈಯಲ್ಲಿ ಹಿಡಿದರೆ ಚುಚ್ಚುತ್ತದೆ. ಗಂಡಿಗೆ ಅದೂ ಇಲ್ಲ. ನಾನು ಹಿಂದೆ ಸರಿದದ್ದು ಕಂಡು ಅತ್ತೆ, "ಬುಡು ಮಗ, ಅದೇನ್ ಮಾಡದು, ಅದರ ಪಾಡ್ಗ ಅದು ಇರ್ತದ" ಎಂದರು. ಸೀಳಿದ ಎರಡು ಹೋಳನ್ನು ಜೋಡಿಸಿ, ಬಾಳೆನಾರು ಬಿಗಿದು, ಸೂರಿನ ಕೆಳಗೆ ಕಟ್ಟಿದರು, ತೂತಿನ ಬಾಯಿ ಮೂಡಲಿಗೆ ಇರುವ ಹಾಗೆ.