ನೂರ ಅರವತ್ತು ಎಕರೆಗೆ ಒಂದು ಮಹಜರು

ಅಮೆರಿಕದ ನೆಬ್ರಾಸ್ಕ ರಾಜ್ಯದ ರಾಜಧಾನಿ ಲಿಂಕನ್‌ನಿಂದ ದಕ್ಷಿಣಕ್ಕೆ ಸುಮಾರು 40 ಮೈಲಿ ಹೋದರೆ ಬಿಯಾಟ್ರಿಸ್ ಎಂಬ ಸಣ್ಣ ಪಟ್ಟಣ ಸಿಗುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಇನ್ನು ನಾಲ್ಕು ಮೈಲಿ. ಮೆಕ್ಕೆಜೋಳ, ಸೋಯಾ ಬೆಳೆಯುವ ಬಯಲಿನ ನಡುವೆ, ನೆಲವನ್ನು ಸೀಳಿ ಮೇಲೆದ್ದ ನೇಗಿಲ ಗುಳದಂತೆ ಚಾವಣಿ ಚಾಚಿದ ಕಟ್ಟಡವೊಂದು ದೂರದಿಂದಲೇ ಕಾಣುತ್ತದೆ. ಅದು ಹೋಂಸ್ಟೆಡ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನ. ಪ್ರವೇಶಕ್ಕೆ ಕಾಸು ಕೊಡಬೇಕಿಲ್ಲ. ಪಶ್ಚಿಮದ ಗಡಿಸೀಮೆಗೆ ಹೋಗಿ ನೆಲೆಯೂರಿದ ಮುತ್ತಜ್ಜ, ಮುತ್ತಜ್ಜಿಯರ ಜಾಡು ಹುಡುಕುವವರು ಇಲ್ಲಿಗೆ ಬಂದು ಹೋಗುತ್ತಾರೆ.

ಬಾಗಿಲಿಗೆ ಹೋಗುವ ದಾರಿಯಲ್ಲೇ ಲೋಹದ ತಗಡುಗಳ ಸಾಲು ಎದುರಾಗುತ್ತದೆ. 30 ರಾಜ್ಯಗಳಿಗೆ 30 ತಗಡು, ಪ್ರತಿಯೊಂದೂ ಆಯಾ ರಾಜ್ಯದ ಆಕಾರದಲ್ಲಿ. ಪ್ರತಿ ತಗಡಿನಲ್ಲೂ ಒಂದು ಚೌಕ ಕತ್ತರಿಸಿ ತೆಗೆದಿದ್ದಾರೆ. ಆ ರಾಜ್ಯದ ನೆಲದಲ್ಲಿ ಎಷ್ಟು ಪಾಲು ಸರ್ಕಾರದಿಂದ ನೆಲೆಯೂರುವವರಿಗೆ ಬಿಟ್ಟಿಯಾಗಿ ಹಂಚಿಹೋಯಿತೋ ಅಷ್ಟೇ ದೊಡ್ಡ ಕಿಂಡಿ. ನೆಬ್ರಾಸ್ಕದ ತಗಡಿನಲ್ಲಿ ಹತ್ತಿರಹತ್ತಿರ ಅರ್ಧವೇ ಇಲ್ಲ: ನೂರಕ್ಕೆ 45 ಭಾಗ. ಎಲ್ಲ ರಾಜ್ಯಗಳೂ ಸೇರಿ 27 ಕೋಟಿ ಎಕರೆ, ಇಡೀ ದೇಶದ ನೆಲದ ಹತ್ತನೇ ಒಂದು ಪಾಲು.

ಇದಕ್ಕೆಲ್ಲ ಮೂಲ, ಅಬ್ರಹಾಂ ಲಿಂಕನ್ 1862ರ ಮೇ 20ರಂದು ಸಹಿ ಹಾಕಿದ ಹೋಂಸ್ಟೆಡ್ ಕಾಯ್ದೆ. ವಯಸ್ಸು 21 ಆಗಿರಬೇಕು, ಇಲ್ಲವೇ ಮನೆಯ ಯಜಮಾನಿಕೆ ಹೊತ್ತಿರಬೇಕು. ದೇಶದ ನಾಗರಿಕನಾಗಿರಬೇಕು, ಇಲ್ಲವೇ ಆಗುತ್ತೇನೆಂದು ಬರೆದುಕೊಟ್ಟಿರಬೇಕು. ಅಮೆರಿಕದ ವಿರುದ್ಧ ಶಸ್ತ್ರ ಹಿಡಿದಿರಬಾರದು. ಮದುವೆಯಾಗದ ಹೆಂಗಸರೂ ವಿಧವೆಯರೂ ಅರ್ಜಿ ಹಾಕಬಹುದಿತ್ತು. 160 ಎಕರೆ ಹಿಡಿದು, ಮನೆ ಕಟ್ಟಿ, ಉತ್ತು, ಐದು ವರ್ಷ ಅಲ್ಲೇ ಬದುಕಿ ತೋರಿಸಿದರೆ ಜಮೀನು ಅವರದು. ಖರ್ಚು ಒಟ್ಟು 18 ಡಾಲರ್ ಶುಲ್ಕ, ಅಷ್ಟೆ.

ಕಾಯ್ದೆ ಜಾರಿಗೆ ಬಂದದ್ದು 1863ರ ಜನವರಿ 1ರಂದು. ಅಂದು ಅರ್ಜಿ ಹಾಕಿದವರಲ್ಲಿ ಒಬ್ಬ ಡೇನಿಯಲ್ ಫ್ರೀಮನ್. ಓಹಾಯೋದಲ್ಲಿ 1826ರಲ್ಲಿ ಹುಟ್ಟಿದ, ವೈದ್ಯವೃತ್ತಿ ಮಾಡಿಕೊಂಡಿದ್ದ ಮನುಷ್ಯ. ಆತನ ಬಗ್ಗೆ ಎಲ್ಲರೂ ಹೇಳುವ ಕಥೆ ಒಂದಿದೆ. ಬ್ರೌನ್‌ವಿಲ್ ಊರಿನಲ್ಲಿ ಹೊಸವರ್ಷದ ಸಂತೋಷಕೂಟ ನಡೆದಿತ್ತಂತೆ. ಅಲ್ಲಿ ಭೂ ಕಚೇರಿಯವರನ್ನು ಕಂಡು, ಅಂತರ್ಯುದ್ಧದ ಸೇನೆಗೆ ತುರ್ತಾಗಿ ಮರಳಬೇಕಾಗಿದೆ ಎಂದು ಗೋಗರೆದು, ನಡುರಾತ್ರಿ ಕಳೆದ ಮರುಕ್ಷಣವೇ ಬಾಗಿಲು ತೆಗೆಸಿ ಅರ್ಜಿ ಕೊಟ್ಟನಂತೆ. ಅದು ಆ ಕಚೇರಿಯ ಒಂದನೇ ನಂಬರಿನ ಅರ್ಜಿಯಾಯಿತು. ಆತ ಹಿಡಿದ ಜಮೀನೇ ಇವತ್ತಿನ ಉದ್ಯಾನ.

ಈ ಕಥೆ ರಂಜಕವಾಗಿದೆ ನಿಜ. ಆದರೆ ಆ ಬಾಳಿನ ಜಾಡು ಹಿಡಿಯಬೇಕೆಂದರೆ ಅದಕ್ಕಿಂತ ಕೆಲಸಕ್ಕೆ ಬರುವುದು ಒಂದು ಒಣ ಕಾಗದ: ಐದು ವರ್ಷ ಮುಗಿದ ಮೇಲೆ, 1868ರ ಜನವರಿಯಲ್ಲಿ ಇಬ್ಬರು ನೆರೆಹೊರೆಯವರು ಪ್ರಮಾಣ ಮಾಡಿ ಬರೆಸಿಕೊಟ್ಟ ಸಾಕ್ಷಿಪತ್ರ. ದರ್ಖಾಸ್ತು ಜಮೀನಿಗಾಗಿ ತಾಲ್ಲೂಕು ಕಚೇರಿಗೆ ಅಲೆದ ನಮ್ಮ ರೈತರಿಗೆ ಇದರ ಧಾಟಿ ತೀರಾ ಪರಿಚಿತ, ಥೇಟು ಮಹಜರು. ಅರ್ಜಿದಾರನಿಗೆ ಹೆಂಡತಿ, ಇಬ್ಬರು ಮಕ್ಕಳು. ಅರ್ಧ ದಿಮ್ಮಿ, ಅರ್ಧ ಹಲಗೆಯ ಮನೆ, 14 ಅಡಿಗೆ 20 ಅಡಿ, ಎರಡು ಬಾಗಿಲು, ಎರಡು ಕಿಟಕಿ, ಹಲಗೆಯ ನೆಲ. ಉತ್ತು ಬೇಲಿ ಹಾಕಿದ್ದು ಸುಮಾರು 35 ಎಕರೆ. ಒಂದು ಲಾಯ, 100 ಅಡಿ ಉದ್ದದ ಕುರಿಕೊಟ್ಟಿಗೆ, ಮೆಕ್ಕೆಜೋಳದ ಕಣಜ. 40 ಸೇಬಿನ ಗಿಡ, ಸುಮಾರು 400 ಪೀಚ್ ಗಿಡ.

ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಉದ್ಯಾನದ ಕಟ್ಟಡದ ಹಿಂಬಾಗಿಲಿನಿಂದ ಕಾಲುದಾರಿಗೆ ಇಳಿದರೆ, ಕಣ್ಣಿಗೆ ಕಾಣುವ ನೆಲ ಬೇರೆಯೇ ಆಗುತ್ತದೆ. ಸರ್ಕಾರದ ಸರ್ವೆಯವರು ಬಯಲನ್ನೆಲ್ಲ ಮೈಲಿಗೆ ಮೈಲಿಯ ಚೌಕಗಳಾಗಿ ಗೆರೆ ಹೊಡೆದಿದ್ದರು. ಒಂದು ಚೌಕಕ್ಕೆ 640 ಎಕರೆ, ಅದರೊಳಗೆ 40 ಎಕರೆಯ 16 ತುಂಡುಗಳು. ಫ್ರೀಮನ್ ಅವುಗಳಲ್ಲಿ ನಾಲ್ಕನ್ನು ಆರಿಸಿಕೊಂಡ. ಒಂದೇ ಗುಡ್ಡೆಯಾಗಿ ಅಲ್ಲ, ಮೂರನ್ನು ಒಂದೇ ಸಾಲಿಗೆ ಹಿಡಿದು, ನಾಲ್ಕನೆಯದನ್ನು ನಡುವಿನದರ ನೆತ್ತಿಯ ಮೇಲೆ ಹಿಡಿದ. ಇಂಥ ವಕ್ರ ಯಾಕೆಂದರೆ, ಅಲ್ಲಿ ಕಬ್ ಕ್ರೀಕ್ ಎಂಬ ಹಳ್ಳ ಹರಿಯುತ್ತದೆ. ದಾರಿ ಮೊದಲು ಹೋಗುವುದೂ ಅತ್ತಲೇ. ಬಟಾಬಯಲಿನ ಸೀಮೆಯಲ್ಲಿ ಈ ಹಳ್ಳದ ದಂಡೆಯಲ್ಲಿ ಮಾತ್ರ ಮರ ದಟ್ಟವಾಗಿದೆ. ಮನೆಗೆ ದಿಮ್ಮಿ, ಒಲೆಗೆ ಸೌದೆ, ದನಕುರಿಗೆ ನೀರು, ಮೂರೂ ಇಲ್ಲೇ. ಕಚೇರಿಯ ನೇರ ಗೆರೆಗಳೊಳಗೇ ಹಳ್ಳದ ಅಂಕುಡೊಂಕನ್ನು ತನ್ನದಾಗಿಸಿಕೊಂಡ ಆಸಾಮಿಯ ಲೆಕ್ಕಾಚಾರ ನಕ್ಷೆಯಲ್ಲಿ ಎದ್ದು ಕಾಣುತ್ತದೆ.

ಆತನ ಮನೆ ಈಗ ಇಲ್ಲ. ಪೀಚ್ ತೋಟವೂ ಇಲ್ಲ. ಆ ಅಳತೆಯ ಮನೆಯಲ್ಲಿ ಬದುಕುವುದೆಂದರೆ ಏನೆಂದು ತಿಳಿಯಲು ಪಾಮರ್-ಎಪರ್ಡ್ ಗುಡಿಸಲಿನೊಳಗೆ ಕಾಲಿಡಬೇಕು. ಜಾರ್ಜ್ ಪಾಮರ್ ಎಂಬಾತ 1867ರಲ್ಲಿ ಬೇರೊಂದು ಕಡೆ ಕಟ್ಟಿದ ಇದನ್ನು 1950ರಲ್ಲಿ ಇಲ್ಲಿಗೆ ತಂದು ನಿಲ್ಲಿಸಿದರು. 14 ಅಡಿಗೆ 16 ಅಡಿ. ಮೂಲೆಯಲ್ಲಿ ದಿಮ್ಮಿಗೆ ದಿಮ್ಮಿ ಕಚ್ಚಿ ಕೂತಿದೆ, ಸಂದಿಗೆ ಗಾರೆ ಮೆತ್ತಿದೆ. ಆರೇಳು ಹೆಜ್ಜೆಗೆ ಎದುರಿನ ಗೋಡೆ ಮುಟ್ಟುತ್ತದೆ. ಪಾಮರ್ ದಂಪತಿಗೆ ಹತ್ತು ಮಕ್ಕಳು. ಒತ್ತಿಗೆ ಒಂದು ಮಾಡು ಇಳಿಸಿದ್ದು ಆಮೇಲೆ.

ಗುಡಿಸಲಿನಿಂದ ಆಚೆ ಹುಲ್ಲಿನ ರಾಜ್ಯ. ಸುಮಾರು 100 ಎಕರೆಯಲ್ಲಿ 1939ರಿಂದ ಮೂಲ ಬಯಲುಹುಲ್ಲನ್ನು ಮತ್ತೆ ಬೆಳೆಸುತ್ತಾ ಬಂದಿದ್ದಾರೆ. ಮಳೆಗಾಲದ ನಮ್ಮ ಹುಲ್ಲಲ್ಲ ಇದು, ಬೇಸಗೆಯ ಕೊನೆಗೆ ಆಳೆತ್ತರ ಮೀರಿ, ತೆನೆ ಕಟ್ಟಿ ನಿಲ್ಲುವ ಬಿಗ್ ಬ್ಲೂಸ್ಟೆಮ್, ಇಂಡಿಯನ್ ಗ್ರಾಸ್. ಇದರ ಬೇರಿನ ಹೆಣಿಗೆಯನ್ನು ಕೊಯ್ದು ನೆಲ ಮಗುಚುವುದೇ ಅಂದಿನ ಬೇಸಾಯಗಾರನ ಮೊದಲ ಕಷ್ಟವಾಗಿತ್ತು. ಅವರು ಐದು ವರ್ಷ ಬೆವರು ಸುರಿಸಿ ಅಳಿಸಿದ್ದನ್ನು ಇವರು ಎಂಬತ್ತು ವರ್ಷಕ್ಕೂ ಹೆಚ್ಚು ಕಾಲದಿಂದ, ಆಗಾಗ ಬೆಂಕಿ ಕೊಟ್ಟು, ಕಳೆ ಕಿತ್ತು ಮರಳಿ ಬರಿಸುತ್ತಿದ್ದಾರೆ. ದಕ್ಷಿಣದ ಎಲ್ಲೆಯಲ್ಲಿ ಓಸೇಜ್ ಆರೆಂಜ್ ಮರಗಳ ಹಳೆಯ ಮುಳ್ಳುಬೇಲಿ ಉಳಿದಿದೆ. ತಂತಿಬೇಲಿ ಬರುವ ಮುಂಚೆ ದನ ತಡೆಯುತ್ತಿದ್ದದ್ದು ಇಂಥ ಜೀವಂತ ಬೇಲಿಗಳೇ.

ಪೂರ್ವದ ದಿಬ್ಬದಲ್ಲಿ ಡೇನಿಯಲ್ ಮತ್ತು ಆಗ್ನೆಸ್ ಫ್ರೀಮನ್‌ರ ಸಮಾಧಿ. ಸಾಕ್ಷಿಪತ್ರದಲ್ಲಿ ಹೆಸರಿಲ್ಲದೆ ಬರೀ ‘ಹೆಂಡತಿ’ ಎನಿಸಿಕೊಂಡವಳು ಈಕೆ. ಅಯೋವಾದ ಹುಡುಗಿ. ಮೊದಲು ನಿಶ್ಚಯವಾಗಿದ್ದದ್ದು ಡೇನಿಯಲ್‌ನ ತಮ್ಮನ ಜೊತೆ, ಆತ ಅಂತರ್ಯುದ್ಧದಲ್ಲಿ ತೀರಿಕೊಂಡ. ಆಮೇಲೆ ಅಣ್ಣ ಕಾಗದ ಬರೆದು ಬರೆದು ಒಪ್ಪಿಸಿದ, 1865ರಲ್ಲಿ ಮದುವೆಯಾಯಿತು. ಅದೇ ಸಾಕ್ಷಿಪತ್ರದ ಪ್ರಕಾರ ಫ್ರೀಮನ್ 1863ರ ಜನವರಿ 1ರಿಂದಲೇ ಇಲ್ಲಿನ ಮನೆಯಲ್ಲಿ ವಾಸ. ಬ್ರೌನ್‌ವಿಲ್ ಇಲ್ಲಿಂದ ಸುಮಾರು 60 ಮೈಲಿ. ನಡುರಾತ್ರಿ ಅಲ್ಲಿ ಅರ್ಜಿ ಕೊಟ್ಟವನು ಅದೇ ದಿನ ಇಲ್ಲಿ ಮನೆ ಹೂಡಿದ್ದು ಹೇಗೆ ಎಂದು ಯಾವ ಗುಮಾಸ್ತನೂ ಕೇಳಿದಂತಿಲ್ಲ. ಕಾಯ್ದೆಗೆ ಐದು ವರ್ಷ ಬೇಕಿತ್ತು, ಕಾಗದ ಐದು ವರ್ಷ ತೋರಿಸಿತು.

ಅದೇ ಕಾಗದದಲ್ಲಿ, ಈ ಜಮೀನಿನ ಮೇಲೆ ಹಕ್ಕುಳ್ಳ ಬೇರೆ ಯಾರೂ ವಾಸವಿಲ್ಲ ಎಂಬ ಹೇಳಿಕೆಯೂ ಇದೆ. ಕಾಯ್ದೆಯ ಕಣ್ಣಿನಲ್ಲಿ ಅದು ಸರಿ. ಇದು ಓಟೊ ಮತ್ತು ಮಿಸೌರಿಯಾ ಜನರ ಸೀಮೆ. 1854ರ ಒಪ್ಪಂದದಲ್ಲಿ ಇದನ್ನು ಬಿಟ್ಟುಕೊಟ್ಟು ಅವರು ದಕ್ಷಿಣದ ಸಣ್ಣ ಮೀಸಲು ಪ್ರದೇಶಕ್ಕೆ ಸರಿದಿದ್ದರು. 1881ರಲ್ಲಿ ಅಲ್ಲಿಂದಲೂ ಎದ್ದು ಇಂದಿನ ಒಕ್ಲಹೋಮಕ್ಕೆ ಹೋಗಬೇಕಾಯಿತು. ಭಾರತದಿಂದ ಹೋದವರಿಗೂ ಕೊನೆಗೆ ಈ ಬಾಗಿಲು ಮುಚ್ಚಿತು. ನಾಗರಿಕತ್ವವೇ ಮೊದಲ ಮೆಟ್ಟಿಲು, ಅದು ಭಾರತೀಯರಿಗೆ ಸಲ್ಲದೆಂದು ಅಲ್ಲಿನ ಸುಪ್ರೀಂ ಕೋರ್ಟ್ 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ತೀರ್ಪಿತ್ತಿತು.

ಉದ್ಯಾನದ ಇನ್ನೊಂದು ತುದಿಗೆ 1872ರ ಇಟ್ಟಿಗೆಯ ಏಕಕೊಠಡಿ ಶಾಲೆಯಿದೆ. 1967ರವರೆಗೂ ಪಾಠ ನಡೆದ ಇಲ್ಲಿ ಉಪಾಧ್ಯಾಯಿನಿ ಮಕ್ಕಳಿಗೆ ಬೈಬಲ್ ಓದಿಸುವುದನ್ನು ಒಪ್ಪದ ಫ್ರೀಮನ್ ಮುದುಕ ಕೋರ್ಟು ಹತ್ತಿದ. 1902ರಲ್ಲಿ ನೆಬ್ರಾಸ್ಕದ ಸುಪ್ರೀಂ ಕೋರ್ಟಿನಲ್ಲಿ ಗೆದ್ದ. 1908ರಲ್ಲಿ ತೀರಿಕೊಂಡ. ಆಗ್ನೆಸ್ 1931ರವರೆಗೆ ಬದುಕಿದ್ದಳು.

ಮತ್ತೆ ಕಟ್ಟಡಕ್ಕೆ ಬಂದರೆ, ಪೂರ್ವಜರ ಹೆಸರು ಹುಡುಕಲು ಕಂಪ್ಯೂಟರುಗಳಿವೆ. ನೆಬ್ರಾಸ್ಕದ ಕಡತಗಳು ಡಿಜಿಟಲ್ ಆಗಿವೆ. ಇನ್ನೂ ಡಿಜಿಟಲ್ ಆಗದ ಬೇರೆ ರಾಜ್ಯಗಳ ಕಡತ ಬೇಕಾದವರು ಜಮೀನಿನ ಸರ್ವೆ ವಿವರ ಹಿಡಿದು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರಕ್ಕೆ ಬರೆಯಬೇಕು. ಹಕ್ಕುಪತ್ರದ ಪಟ್ಟಿಯಲ್ಲಿ ಅಜ್ಜನ ಹೆಸರು ಸಿಗದಿದ್ದರೆ ಕೈಬಿಡಬೇಕಿಲ್ಲ. ಅರ್ಜಿ ಹಾಕಿದವರು ಸುಮಾರು 40 ಲಕ್ಷ, ಹಕ್ಕುಪತ್ರ ಪಡೆದವರು 16 ಲಕ್ಷ. ಉಳಿದವರು ಬರ, ಸಾಲ, ಕಾಯಿಲೆ, ಒಂಟಿತನಕ್ಕೆ ಸೋತು ಎದ್ದುಹೋದವರು, ಇಲ್ಲವೇ ಹಿಡಿದದ್ದನ್ನು ಮಾರಿ ಮುಂದೆ ಸಾಗಿದವರು. ರದ್ದಾದ ಆ ಅರ್ಜಿಗಳನ್ನೂ ಪತ್ರಾಗಾರ ಕಾಪಿಟ್ಟಿದೆ. ಉದ್ಯಾನ ನಿಂತಿರುವುದು ಒಂದನೇ ನಂಬರಿನವನ ಜಮೀನಿನಲ್ಲಿ. ಗಡಿಸೀಮೆಯ ಹೆಚ್ಚಿನ ಮುತ್ತಜ್ಜಂದಿರು ಸಿಗುವುದು ಆ ರದ್ದಾದ ಕಡತಗಳಲ್ಲಿ.