ಜಾಗ ಇದ್ದರೂ ಫೈಲ್ ಯಾಕೆ ತೆರೆಯಲ್ಲ?

ಸಿಂಗಾಪುರದಿಂದ ಇವತ್ತಿನ ಕಂತು, ಲಿನಕ್ಸ್‌ನಲ್ಲಿ ಜೀವವಿಜ್ಞಾನದ ದತ್ತಾಂಶ ನೋಡುವವರಿಗೆ.

ಆರ್‌ಎನ್‌ಎ ತುಣುಕುಗಳನ್ನು ಜೀನೋಮ್‌ಗೆ ಹೊಂದಿಸುವ ಸ್ಟಾರ್ ತಂತ್ರಾಂಶ 16 ಥ್ರೆಡ್‌ಗಳಲ್ಲಿ ಸಲೀಸಾಗಿ ಓಡುತ್ತೆ. ಬೇಗ ಮುಗೀಲಿ ಅಂತ 24 ಕೊಟ್ಟರೆ, ಫೈಲ್ ತೆರೆಯಲಾಗಲಿಲ್ಲ ಅಂತ ನಿಂತೇಬಿಡಬಹುದು. ಡಿಸ್ಕ್‌ನಲ್ಲಿ ಜಾಗ ಇರುತ್ತೆ, ಅನುಮತಿಯೂ ಇರುತ್ತೆ. ಮತ್ತೇನು?

ಲೆಕ್ಕ ಹಾಕಿ. ಫಲಿತಾಂಶವನ್ನು ವಿಂಗಡಿಸಿ ಕೊಡು ಅಂದಾಗ ಸ್ಟಾರ್ ಪ್ರತಿ ಥ್ರೆಡ್‌ಗೂ ಸಾಮಾನ್ಯವಾಗಿ 50 ತಾತ್ಕಾಲಿಕ ಫೈಲ್ ತೆರೆಯುತ್ತೆ. 16ಕ್ಕೆ 800, 24ಕ್ಕೆ 1200. ಆದರೆ ಬಹಳಷ್ಟು ಲಿನಕ್ಸ್ ಯಂತ್ರಗಳಲ್ಲಿ ಒಂದು ಪ್ರೋಗ್ರಾಂ ಒಮ್ಮೆಗೆ ತೆರೆದಿಡಬಹುದಾದ ಫೈಲುಗಳು 1024 ಮಾತ್ರ.

ಟರ್ಮಿನಲ್‌ನಲ್ಲಿ ‘ಯುಲಿಮಿಟ್ ಹೈಫನ್ ಎನ್’ ಅಂತ ಟೈಪ್ ಮಾಡಿ. ಈಗಿನ ಮಿತಿ, ಅಂದ್ರೆ ಸಾಫ್ಟ್ ಲಿಮಿಟ್ ಕಾಣುತ್ತೆ. ಎನ್‌ಗೆ ಮೊದಲು ದೊಡ್ಡಕ್ಷರದ ಎಚ್ ಸೇರಿಸಿದರೆ ಹಾರ್ಡ್ ಲಿಮಿಟ್. ಅದರೊಳಗೆ ನಾವೇ ಏರಿಸಬಹುದು: ಎಚ್ ಬದಲು ದೊಡ್ಡಕ್ಷರದ ಎಸ್ ಹಾಕಿ, ಕೊನೆಗೆ 4096 ಅಂತ ಕೊಡಿ. ಇದು ಆ ಶೆಲ್‌ಗೆ, ಅದರಿಂದ ಶುರುವಾಗುವ ಕೆಲಸಗಳಿಗೆ ಮಾತ್ರ ಅನ್ವಯ.

ಇಲ್ಲಿನ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಕೇಂದ್ರದಂಥ ಕಡೆ ನಿಮ್ಮ ಕೆಲಸ ಓಡೋದು ಬೇರೆ ನೋಡ್‌ನಲ್ಲಿ. ಹಾಗಾಗಿ ಆ ಸಾಲನ್ನು ಜಾಬ್ ಸ್ಕ್ರಿಪ್ಟ್ ಒಳಗೇ, ಸ್ಟಾರ್‌ಗಿಂತ ಮೊದಲು ಬರೀರಿ. ಹಾರ್ಡ್ ಲಿಮಿಟ್ಟೇ ಸಾಲದಿದ್ರೆ ಅಡ್ಮಿನ್‌ನ ಕೇಳಿ, ಇಲ್ಲಾ ಥ್ರೆಡ್ ಇಳಿಸಿ. ಸರದಿಯಲ್ಲಿ ಕಾದು ಪಡೆದ ಹೊತ್ತು ವ್ಯರ್ಥವಾಗಲ್ಲ.