ಬನದ ಹುಣ್ಣಿಮೆಯ ಜಾತ್ರೆ: ಚೊಳಚಗುಡ್ಡದ ಬನಶಂಕರಿ ಕ್ಷೇತ್ರ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೊಸ ಮನೆ ಕಟ್ಟಿಸುವವರು ಬಾಗಿಲು ಮತ್ತು ಚೌಕಟ್ಟುಗಳ ಖರೀದಿಯನ್ನು ಬನಶಂಕರಿ ಜಾತ್ರೆಯವರೆಗೆ ಮುಂದೂಡುವುದು ಹಳೆಯ ರೂಢಿ. ದೇವಿಯ ದರ್ಶನವೂ ಆಯಿತು, ಮನೆಗೆ ಬೇಕಾದ ಸಾಮಾನೂ ಬಂತು ಎಂಬುದು ಈ ಭಾಗದ ರೈತಾಪಿ ಕುಟುಂಬಗಳ ಲೆಕ್ಕಾಚಾರ. ಬಾಗಲಕೋಟೆ ಜಿಲ್ಲೆಯ ಬಾದಾಮಿಯಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿ, ಚೊಳಚಗುಡ್ಡ ಗ್ರಾಮಕ್ಕೆ ಹೊಂದಿಕೊಂಡಿರುವ ಈ ಪುಣ್ಯಕ್ಷೇತ್ರ ಭಕ್ತಿ ಮತ್ತು ವ್ಯಾಪಾರ ಎರಡನ್ನೂ ಶತಮಾನಗಳಿಂದ ಒಂದೇ ಅಂಗಳದಲ್ಲಿ ಪೋಷಿಸುತ್ತ ಬಂದಿದೆ.

ಬನದ ದೇವಿ

ಬನ ಎಂದರೆ ವನ. ತಿಲಕಾರಣ್ಯವೆಂದು ಹೆಸರಾಗಿದ್ದ ಕಾಡಿನಲ್ಲಿ ನೆಲೆಸಿದ್ದರಿಂದ ದೇವಿಗೆ ಬನಶಂಕರಿ ಎಂಬ ಹೆಸರು ಬಂದಿತು. ಜನಪದರ ಬಾಯಲ್ಲಿ ಆಕೆ ಬನದವ್ವ, ಬನಶಂಕರಮ್ಮ. ದುರ್ಗಮಾಸುರನ ಉಪಟಳದಿಂದ ಲೋಕದಲ್ಲಿ ಮಳೆ ನಿಂತು ಕ್ಷಾಮ ಆವರಿಸಿದಾಗ ದೇವಿಯು ತನ್ನ ದೇಹದಿಂದಲೇ ಕಾಯಿಪಲ್ಲೆಗಳನ್ನು ಸೃಷ್ಟಿಸಿ ಜನರ ಹಸಿವು ಹಿಂಗಿಸಿದಳೆಂಬುದು ಪುರಾಣ ಕಥೆ. ಆದ್ದರಿಂದಲೇ ಆಕೆಗೆ ಶಾಕಂಭರಿ ಎಂಬ ಹೆಸರೂ ಇದೆ. ಪದೇ ಪದೇ ಬರಗಾಲ ಕಾಣುವ ಸೀಮೆಯಲ್ಲಿ ಅನ್ನದಾತೆಯಾದ ದೇವತೆಯೊಬ್ಬಳು ಇಷ್ಟೊಂದು ಜನರ ಮನೆದೇವರಾಗಿರುವುದು ಸಹಜವೇ ಆಗಿದೆ.

ಬಾದಾಮಿಯ ಚಾಲುಕ್ಯ ಅರಸರು ಈ ದೇವಿಯನ್ನು ಕುಲದೇವತೆಯಾಗಿ ಆರಾಧಿಸುತ್ತಿದ್ದರೆಂಬ ಪ್ರತೀತಿ ಇದೆ. ಇಂದು ಕಾಣುವ ದೇವಾಲಯವನ್ನು ಮರಾಠಾ ಸರದಾರ ಪರಶುರಾಮ ಅಗಳೆ 1750ರಲ್ಲಿ ಪುನರ್ನಿರ್ಮಿಸಿದನೆಂದು ಹೇಳಲಾಗುತ್ತದೆ. ಗರ್ಭಗುಡಿಯಲ್ಲಿ ಸಿಂಹವಾಹಿನಿಯಾಗಿ ಕುಳಿತ ಎಂಟು ತೋಳುಗಳ ಕಪ್ಪು ಶಿಲೆಯ ಮೂರ್ತಿ ಇದೆ. ದೇವಿಯ ಪಾದದಡಿಯಲ್ಲಿ ರಾಕ್ಷಸನಿದ್ದಾನೆ.

ನೇಕಾರರ ಕುಲದೇವತೆ

ಬನಶಂಕರಿಯು ದೇವಾಂಗ ನೇಕಾರ ಸಮುದಾಯದ ಕುಲದೇವತೆ. ಕರ್ನಾಟಕದಲ್ಲಷ್ಟೇ ಅಲ್ಲದೆ ಆಂಧ್ರ, ತಮಿಳುನಾಡು ಮತ್ತು ಮಹಾರಾಷ್ಟ್ರದಿಂದಲೂ ಭಕ್ತರು ಇಲ್ಲಿಗೆ ಬರುತ್ತಾರೆ. ಖಣದ ಬಟ್ಟೆಗೆ ಹೆಸರಾದ ಗುಳೇದಗುಡ್ಡ ಮತ್ತು ಸೀರೆಗೆ ಹೆಸರಾದ ಇಳಕಲ್ ಇದೇ ಜಿಲ್ಲೆಯಲ್ಲಿವೆ. ಇಳಕಲ್ ಸೀರೆಯುಟ್ಟು, ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟ ಹೆಣ್ಣುಮಕ್ಕಳು ಜಾತ್ರೆಯ ದಿನಗಳಲ್ಲಿ ದೇವಿಗೆ ಉಡಿ ತುಂಬುವ ದೃಶ್ಯ ಈ ಪ್ರದೇಶದ ನೇಕಾರಿಕೆಯ ಪರಿಚಯವನ್ನೂ ಮಾಡಿಕೊಡುತ್ತದೆ. ವಿದ್ಯುತ್ ಮಗ್ಗದ ಅಗ್ಗದ ಬಟ್ಟೆಯ ಪೈಪೋಟಿಯಲ್ಲಿ ಕೈಮಗ್ಗದ ನೇಕಾರರು ಸಂಕಷ್ಟದಲ್ಲಿರುವಾಗ, ತಮ್ಮ ಬಟ್ಟೆಯ ಬೆಲೆ ಬಲ್ಲ ಗ್ರಾಹಕರು ಒಂದೆಡೆ ಸೇರುವ ಇಂತಹ ಸ್ಥಳದ ಮಹತ್ವ ಚಿಕ್ಕದಲ್ಲ.

ಹರಿದ್ರಾತೀರ್ಥ

ದೇವಾಲಯದ ಎದುರಿಗೆ ಸುಮಾರು 360 ಅಡಿ ಚೌಕದ ವಿಶಾಲ ಪುಷ್ಕರಣಿ ಇದೆ. ಹರಿದ್ರಾತೀರ್ಥ ಎಂಬ ಹೆಸರು ಜನರ ಬಾಯಲ್ಲಿ ಹರಿದಾ ತೀರ್ಥವಾಗಿದೆ. ಹೊಂಡದ ಮೂರು ಬದಿಗಳಲ್ಲಿ ಕಲ್ಲಿನ ಮಂಟಪಗಳ ಸಾಲುಗಳಿದ್ದು, ದಡದಲ್ಲಿ ದೀಪಸ್ತಂಭಗಳಿವೆ. ಪಶ್ಚಿಮ ದಡದಲ್ಲಿರುವ ಗೋಪುರವು ದೀಪಸ್ತಂಭವಾಗಿಯೂ ಕಾವಲು ಗೋಪುರವಾಗಿಯೂ ಬಳಕೆಯಾಗುವಂತೆ ಕಟ್ಟಲ್ಪಟ್ಟಿರುವುದು ವಿಶೇಷ. ತೆಪ್ಪೋತ್ಸವದ ಸಂದರ್ಭದಲ್ಲಿ ಬಾಳೆದಿಂಡಿನ ತೆಪ್ಪದ ಮೇಲೆ ಹಸುಗೂಸುಗಳನ್ನು ಮಲಗಿಸಿ ನೀರಿನಲ್ಲಿ ತೇಲಿಸುವ ಹರಕೆ ಇಲ್ಲಿ ನಡೆದುಬಂದಿದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಹೊಂಡ ಬತ್ತಿದ್ದೂ ಉಂಟು. ಹೊಂಡದಲ್ಲಿ ನೀರಿಲ್ಲದ ವರ್ಷ ರೈತನ ಕೈಯಲ್ಲಿ ಹಣವೂ ಇರುವುದಿಲ್ಲವೆಂಬುದನ್ನು ಜಾತ್ರೆಯ ವ್ಯಾಪಾರಿಗಳು ಚೆನ್ನಾಗಿ ಬಲ್ಲರು.

ಹುಣ್ಣಿಮೆಯ ತೇರು

ಪುಷ್ಯ ಮಾಸದ ಶುಕ್ಲಪಕ್ಷದಲ್ಲಿ, ಸಾಮಾನ್ಯವಾಗಿ ಜನವರಿ ತಿಂಗಳಲ್ಲಿ, ದೇವಿಯ ನವರಾತ್ರಿ ಉತ್ಸವ ಜರುಗುತ್ತದೆ. ಹುಣ್ಣಿಮೆಯ ಹಿಂದಿನ ದಿನ ಪಲ್ಲೇದ ಹಬ್ಬ. ಅಂದು 108 ಬಗೆಯ ಕಾಯಿಪಲ್ಲೆಗಳ ಅಡುಗೆಯನ್ನು ಶಾಕಂಭರಿಗೆ ನೈವೇದ್ಯವಾಗಿ ಅರ್ಪಿಸುತ್ತಾರೆ. ಮರುದಿನ ಬನದ ಹುಣ್ಣಿಮೆ. ಅಂದು ಸಾಯಂಕಾಲ ರಥೋತ್ಸವ. ತೇರನ್ನೆಳೆಯುವ ಹಗ್ಗವು ಪಕ್ಕದ ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಮಾಡಲಗೇರಿ ಗ್ರಾಮದಿಂದ ಎತ್ತುಗಳು ಎಳೆಯುವ ಹಳಿಬಂಡಿಯಲ್ಲಿ ಬರಬೇಕೆಂಬುದು ಸಂಪ್ರದಾಯ. ಒಂದೂರಿನ ತೇರಿಗೆ ಮತ್ತೊಂದೂರಿನ ಹಗ್ಗ ಎಂಬ ಈ ಏರ್ಪಾಡು ಸುತ್ತಲಿನ ಹಳ್ಳಿಗಳು ಜಾತ್ರೆಯನ್ನು ತಮ್ಮದೆಂದು ಭಾವಿಸುವುದಕ್ಕೆ ಸಾಕ್ಷಿಯಾಗಿದೆ.

ತಿಂಗಳ ಪೇಟೆ

ತೇರು ಒಂದು ದಿನದ್ದಾದರೂ ಜಾತ್ರೆಯ ಪೇಟೆ ಮೂರು ವಾರಗಳಿಂದ ಒಂದು ತಿಂಗಳವರೆಗೆ ನಡೆಯುತ್ತದೆ. ಬಾಗಿಲು, ಚೌಕಟ್ಟು, ಕಿಟಕಿ, ಮಂಚ ಮುಂತಾದ ಕಟ್ಟಿಗೆ ಸಾಮಾನುಗಳ ಸಾಲು ಇಲ್ಲಿಯ ಮುಖ್ಯ ಆಕರ್ಷಣೆ. ಕಬ್ಬಿಣದ ಸಾಮಾನು, ಪಾತ್ರೆ, ಬಳೆ, ಬಟ್ಟೆ, ಆಟಿಕೆ, ಮಿಠಾಯಿ ಅಂಗಡಿಗಳಿಗೂ ಕೊರತೆಯಿಲ್ಲ. ದನಗಳ ವ್ಯಾಪಾರವೂ ಈ ಜಾತ್ರೆಯ ಹಳೆಯ ಅಂಗ.

ಕಟ್ಟಿಗೆ ಸಾಮಾನಿನ ವ್ಯಾಪಾರದ ರೀತಿಯನ್ನು ಸಣ್ಣ ಉದ್ದಿಮೆದಾರರು ಗಮನಿಸಬೇಕು. ಚೌಕಟ್ಟು ಕೊಳ್ಳಬಂದ ರೈತ ಕಟ್ಟಿಗೆಯನ್ನು ತಟ್ಟಿ ನೋಡಿ, ಗಂಟುಗಳನ್ನು ಪರೀಕ್ಷಿಸಿ, ಪಕ್ಕದ ಅಂಗಡಿಯ ದರ ವಿಚಾರಿಸಿ ಚೌಕಾಸಿ ಮಾಡುತ್ತಾನೆ. ಕೆತ್ತಿದ ಬಡಿಗನೇ ಎದುರಿಗಿದ್ದರೆ ಕೆಲಸದ ಗುಣಮಟ್ಟಕ್ಕೆ ಅವನೇ ಹೊಣೆ, ಮಧ್ಯವರ್ತಿಯ ಪಾಲೂ ಉಳಿಯುತ್ತದೆ. ಆದರೆ ಇದರಲ್ಲಿ ಅಪಾಯವೂ ಇದೆ. ಕಟ್ಟಿಗೆ ಖರೀದಿ ಮತ್ತು ಕೂಲಿಯ ಹಣ ತಿಂಗಳುಗಟ್ಟಲೆ ಮುಂಚಿತವಾಗಿ ಖರ್ಚಾಗಿರುತ್ತದೆ. ಅದು ಮರಳಿ ಬರುವುದು ಈ ಕೆಲವೇ ವಾರಗಳಲ್ಲಿ. ಕೋವಿಡ್ ಸೋಂಕಿನಿಂದಾಗಿ 2021ರಲ್ಲಿ ಜಾತ್ರೆಗೆ ನಿರ್ಬಂಧ ಬಿದ್ದಾಗ, ಒಂದೇ ಹಂಗಾಮನ್ನು ನಂಬಿದ ಇಂತಹ ಕಸುಬು ಎಷ್ಟು ನಾಜೂಕಿನದೆಂಬುದು ಎಲ್ಲರಿಗೂ ಮನವರಿಕೆಯಾಯಿತು. ಉಕ್ಕು ಮತ್ತು ಪ್ಲಾಸ್ಟಿಕ್ ಬಾಗಿಲುಗಳ ಪೈಪೋಟಿಯಂತೂ ವರ್ಷಪೂರ್ತಿ ಇದ್ದೇ ಇದೆ.

ಬುತ್ತಿ ಮತ್ತು ನಾಟಕ

ಜಾತ್ರೆ ಇರಲಿ ಬಿಡಲಿ, ದೇವಾಲಯದ ಆವರಣದಲ್ಲಿ ಬಿದಿರಿನ ಬುಟ್ಟಿ ಹೊತ್ತ ಮಹಿಳೆಯರು ಬುತ್ತಿ ಮಾರುತ್ತಾರೆ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಕೆಂಪು ಖಾರ, ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿದ ಗಟ್ಟಿ ಮೊಸರು – ಇಷ್ಟನ್ನೂ ಮಂಟಪದ ನೆರಳಿನಲ್ಲಿ ಬಡಿಸಿ ಕೊಡುತ್ತಾರೆ. ಬಂಡವಾಳ ಅತ್ಯಲ್ಪ, ತಯಾರಿಕೆ ಮನೆಯಲ್ಲೇ, ಮಾರಾಟ ನೇರ. ಬನಶಂಕರಿಯ ಬುತ್ತಿಯ ರುಚಿ ಯಾವ ಜಾಹೀರಾತೂ ಇಲ್ಲದೆ ನಾಡಿನಾದ್ಯಂತ ಹೆಸರಾಗಿದೆ.

ವೃತ್ತಿ ನಾಟಕ ಕಂಪನಿಗಳಿಗೂ ಈ ಜಾತ್ರೆಯೇ ಸುಗ್ಗಿ. ಹಲವು ಕಂಪನಿಗಳು ಏಕಕಾಲಕ್ಕೆ ಇಲ್ಲಿ ಮೊಕ್ಕಾಂ ಹೂಡಿ, ದಿನಕ್ಕೆ ಒಂದಕ್ಕಿಂತ ಹೆಚ್ಚು ಪ್ರದರ್ಶನಗಳನ್ನು ಬೆಳಗಿನ ಜಾವದವರೆಗೂ ನೀಡುತ್ತವೆ. ಅವುಗಳ ವರ್ಷದ ಲಾಭ-ನಷ್ಟ ಬಹುಮಟ್ಟಿಗೆ ಇಲ್ಲಿಯ ಗಲ್ಲಾ ಪೆಟ್ಟಿಗೆಯಲ್ಲೇ ನಿರ್ಧಾರವಾಗುತ್ತದೆ.

ಸುತ್ತಲಿನ ತಾಣಗಳು

ಬಾದಾಮಿಯ ಗುಹಾಲಯಗಳು ಇಲ್ಲಿಂದ ಕೂಗಳತೆಯಲ್ಲಿವೆ ಎನ್ನಬಹುದು; ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಮಹಾಕೂಟ, 1909ರಲ್ಲಿ ಹಾನಗಲ್ ಕುಮಾರ ಸ್ವಾಮಿಗಳು ಸ್ಥಾಪಿಸಿದ ಶಿವಯೋಗ ಮಂದಿರ, 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲು ಇವೆಲ್ಲವನ್ನೂ ಒಂದೆರಡು ದಿನಗಳಲ್ಲಿ ನೋಡಬಹುದು. ವರ್ತಕರು ತಪ್ಪದೇ ನೋಡಬೇಕಾದದ್ದು ಐಹೊಳೆ. ಮಧ್ಯಯುಗದಲ್ಲಿ ದಕ್ಷಿಣ ಭಾರತದಾದ್ಯಂತ ವ್ಯಾಪಾರ ನಡೆಸಿ, ಸುಮಾತ್ರಾ ದ್ವೀಪದವರೆಗೂ ಹೆಜ್ಜೆಗುರುತು ಬಿಟ್ಟ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘಕ್ಕೆ ಈ ಊರಿನದೇ ಹೆಸರು. ಇಂದಿನ ವಾಣಿಜ್ಯ ಸಂಸ್ಥೆಗಳ ಪೂರ್ವಜರೆಂದು ಅವರನ್ನು ಕರೆದರೆ ತಪ್ಪಾಗಲಾರದು.

ಆಗಬೇಕಾದದ್ದು

ಜಾತ್ರೆಗೆ ಜನರನ್ನು ಕರೆಯುವ ಅಗತ್ಯವಿಲ್ಲ. ಬಂದವರಿಗೆ ಮತ್ತು ಮಾರುವವರಿಗೆ ಅನುಕೂಲ ಕಲ್ಪಿಸುವುದು ಅಗತ್ಯ. ಕುಡಿಯುವ ನೀರು, ಶೌಚಾಲಯ, ಧೂಳು ಮತ್ತು ಕಸದ ನಿರ್ವಹಣೆ, ಅಂಗಡಿ ಸಾಲುಗಳಲ್ಲಿ ಬೆಂಕಿಯ ಮುನ್ನೆಚ್ಚರಿಕೆ, ಕುಶಲಕರ್ಮಿಗಳಿಗೆ ಕೈಗೆಟಕುವ ಬಾಡಿಗೆಯಲ್ಲಿ ಜಾಗ – ಇವು ಮೊದಲಿನ ಬೇಡಿಕೆಗಳು. ಬಡಿಗರು ಮತ್ತು ನೇಕಾರರು ಜಾತ್ರೆಯಲ್ಲಿ ಸಂಪಾದಿಸಿದ ಗ್ರಾಹಕರ ವಿಳಾಸಗಳನ್ನು ಬರೆದಿಟ್ಟುಕೊಂಡು ಉಳಿದ ಹನ್ನೊಂದು ತಿಂಗಳೂ ಬೇಡಿಕೆ ಪಡೆಯುವಂತಾದರೆ ಒಂದೇ ಹಂಗಾಮಿನ ಅವಲಂಬನೆ ತಗ್ಗುತ್ತದೆ. ಈ ದಿಸೆಯಲ್ಲಿ ವರ್ತಕರ ಸಂಘಗಳು ಅವರಿಗೆ ನೆರವಾಗಲು ಸಾಕಷ್ಟು ಅವಕಾಶವಿದೆ.

ಗದಗ–ವಿಜಯಪುರ ರೈಲು ಮಾರ್ಗದಲ್ಲಿ ಬಾದಾಮಿ ನಿಲ್ದಾಣವಿದೆ. ಹುಬ್ಬಳ್ಳಿ, ಗದಗ, ಬಾಗಲಕೋಟೆಗಳಿಂದ ಬಸ್ಸುಗಳ ಸೌಕರ್ಯವಿದ್ದು, ಬಾದಾಮಿಯಲ್ಲಿ ವಸತಿಗೃಹಗಳು ದೊರೆಯುತ್ತವೆ. ವಾಣಿಜ್ಯದ ದೃಷ್ಟಿಯಿಂದ ನೋಡಬಯಸುವವರು ತೇರಿನ ದಿನದ ನೂಕುನುಗ್ಗಲು ಕಳೆದ ಮೇಲೆ ಹೋಗುವುದು ಲೇಸು. ಆಗ ಬಡಿಗರಿಗೂ ಮಾತನಾಡಲು ಬಿಡುವಿರುತ್ತದೆ.